ಅನಿಮೇಷನ್ ಚಿತ್ರಗಳ ಗೃಹಪ್ರತಿಗಳು: ಸಂಗ್ರಹವೂ ಪಾಠಶೋಧನೆಯೂ

೧. ವಿಷಯನಿರ್ದೇಶ

ಚಲಚ್ಚಿತ್ರವು ಹುಟ್ಟಿದ ಮೇಲೆ ಬಹುಕಾಲದವರೆಗೆ ನೋಡುವವನಿಗೆ ಅದರ ಮೇಲೆ ಯಾವ ಸ್ವಾಮ್ಯವೂ ಇರಲಿಲ್ಲ. ಹಣ ತೆತ್ತು ಚಿತ್ರಮಂದಿರವನ್ನು ಹೊಕ್ಕವನು ಮೂರು ನಾಲ್ಕು ಗಳಿಗೆಯ ಕಾಲ ತೆರೆಯನ್ನು ನೋಡಿ ಹೊರಬರುತ್ತಿದ್ದನು. ಆತನ ಪಾಲಿಗೆ ಉಳಿಯುತ್ತಿದ್ದುದು ನೆನಪು ಮಾತ್ರ. ಗ್ರಂಥವನ್ನು ಓದುವವನು ಬೇಕಾದಾಗ ಪುಟವನ್ನು ಹಿಂದಕ್ಕೆ ಮಗುಚಬಲ್ಲನು. ಎರಡು ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಬಲ್ಲನು. ಸಾಮಾನ್ಯ ಪ್ರೇಕ್ಷಕನಿಗೆ ಈ ಸೌಕರ್ಯವು ದೊರೆತುದು ಇಪ್ಪತ್ತನೆಯ ಶತಮಾನದ ಕೊನೆಯ ಕಾಲುಭಾಗದಲ್ಲಿ, ಚಿತ್ರಗಳು ಮೊದಲು ವಿಡಿಯೋ ಕ್ಯಾಸೆಟ್ಟುಗಳಾಗಿಯೂ ಬಳಿಕ ಡಿಸ್ಕುಗಳಾಗಿಯೂ ಮನೆಗಳನ್ನು ಸೇರಿದಾಗ.

ಇಂತಹ ಗೃಹಪ್ರತಿಗಳನ್ನು, ಅದರಲ್ಲಿಯೂ ಹಳೆಯ ಅನಿಮೇಷನ್ ಚಿತ್ರಗಳ ಪ್ರತಿಗಳನ್ನು, ಆಸಕ್ತಿಯಿಂದ ಕೂಡಿಡುವವರ ಒಂದು ವರ್ಗವು ಅಮೆರಿಕಾದಲ್ಲಿ ಬೆಳೆದಿದೆ. ಒಂದೇ ಚಿತ್ರದ ಐದಾರು ಮುದ್ರಣಗಳನ್ನು ಕೊಂಡಿಡುವ ಇವರನ್ನು ಕಂಡು ನಗುವವರೂ ಉಂಟು. ಚಿತ್ರವು ಒಂದೇ ಆಗಿ, ಹೊಸ ಮುದ್ರಣವು ಹಳೆಯದಕ್ಕಿಂತ ನಿರ್ಮಲವಾಗಿರುವಾಗ, ಹಳೆಯದನ್ನು ಏತಕ್ಕಾಗಿ ಇಟ್ಟುಕೊಳ್ಳಬೇಕು ಎಂಬುದು ಅವರ ಪ್ರಶ್ನೆ. ಪ್ರಶ್ನೆಯು ನ್ಯಾಯವಾದುದೇ. ಆದರೆ ಅದರಲ್ಲಿ ಚಿತ್ರವು ಒಂದೇ ಎಂಬ ಮಾತನ್ನು ವಿಚಾರಿಸದೆ ಅಂಗೀಕರಿಸಿದಂತಾಗಿದೆ. ಆ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಡಿಸ್ನಿ, ವಾರ್ನರ್ ಸಹೋದರರು, ಎಂ.ಜಿ.ಎಂ. ಈ ಮೂರು ಸಂಸ್ಥೆಗಳ ಹಳೆಯ ಚಿತ್ರಗಳನ್ನು ಆಧಾರವಾಗಿಟ್ಟುಕೊಂಡು ಇಲ್ಲಿ ಪರೀಕ್ಷಿಸಲಾಗುವುದು. ಓಲೆಯ ಪ್ರತಿಗಳನ್ನು ತಾಳೆ ನೋಡಿ ಬಲ್ಲ ನಮ್ಮ ವಾಚಕರಿಗೆ ಈ ವಿಚಾರದ ರೀತಿಯು ಅಪರಿಚಿತವೆನಿಸಲಾರದು.

೨. ಕ್ಯಾಸೆಟ್ಟಿಗೆ ಹಿಂದಿನ ಸಂಗ್ರಹ

ಮನೆಯಲ್ಲಿ ಚಿತ್ರವನ್ನು ನೋಡುವ ಆಸೆಯು ವಿಡಿಯೋ ಯಂತ್ರದಿಂದ ಹುಟ್ಟಿದುದಲ್ಲ. ಫ್ರಾನ್ಸಿನ ಪಾಥೆ ಸಂಸ್ಥೆಯವರು ೧೯೨೨ರಲ್ಲಿ ಒಂಬತ್ತೂವರೆ ಮಿಲಿಮೀಟರು ಅಗಲದ ಫಿಲ್ಮನ್ನೂ, ಅಮೆರಿಕಾದ ಕೊಡಾಕ್ ಸಂಸ್ಥೆಯವರು ೧೯೨೩ರಲ್ಲಿ ೧೬ ಮಿಲಿಮೀಟರಿನದನ್ನೂ, ೧೯೩೨ರಲ್ಲಿ ೮ ಮಿಲಿಮೀಟರಿನದನ್ನೂ ಗೃಹಸ್ಥರಿಗಾಗಿ ಹೊರಡಿಸಿದರು. ಮಿಕ್ಕಿ ಮೌಸ್ ಮೊದಲಾದ ಕಾರ್ಟೂನುಗಳ ಚಿಕ್ಕ ಚಿಕ್ಕ ತುಣುಕುಗಳು ಈ ಅಳತೆಗಳಲ್ಲಿ ಮಾರಾಟಕ್ಕೆ ಬಂದುವು. ಅವು ಬಹುಮಟ್ಟಿಗೆ ಮೂಕವಾಗಿದ್ದುವು, ಬಣ್ಣಗೆಟ್ಟವು, ಕತ್ತರಿಸಿದವು. ಪೂರ್ಣ ಕೃತಿಯ ಬದಲಿಗೆ ಅದರ ಸ್ಮಾರಕಗಳೆನ್ನಬಹುದಾದವು.

ಟೆಲಿವಿಷನ್ನು ಬಂದ ಮೇಲೆ ಸ್ಥಿತಿಯು ಬದಲಾಯಿತು. ಅಸೋಸಿಯೇಟೆಡ್ ಆರ್ಟಿಸ್ಟ್ಸ್ ಪ್ರೊಡಕ್ಷನ್ಸ್ ಎಂಬ ಸಂಸ್ಥೆಯು ೧೯೫೬ರಲ್ಲಿ ವಾರ್ನರ್ ಸಹೋದರರ ೧೯೪೮ಕ್ಕೆ ಹಿಂದಿನ ವರ್ಣದ ಕಾರ್ಟೂನುಗಳ ಹಕ್ಕನ್ನು ಕೊಂಡು, ಅವುಗಳ ೧೬ ಮಿಲಿಮೀಟರಿನ ಪ್ರತಿಗಳನ್ನು ಊರೂರಿನ ಕೇಂದ್ರಗಳಿಗೆ ಹಂಚಿತು. ಸವೆದ ಪ್ರತಿಗಳು ಕಾಲಕ್ರಮದಲ್ಲಿ ಹೊರಗೆಸೆಯಲ್ಪಟ್ಟು ಖಾಸಗಿ ಸಂಗ್ರಾಹಕರ ಕೈಸೇರಿದುವು. ಹಕ್ಕುದಾರರ ಕಣ್ಣಿಗೆ ಈ ಸಂಗ್ರಾಹಕನು ಕಳ್ಳನಿಗಿಂತ ಹೆಚ್ಚು ದೂರವಿರಲಿಲ್ಲ. ೧೯೭೦ರ ದಶಕದಲ್ಲಿ ಫಿಲ್ಮ್ ಸಂಗ್ರಾಹಕರ ಮನೆಗಳನ್ನು ಸರ್ಕಾರದ ಅಧಿಕಾರಿಗಳು ಶೋಧಿಸಿದುದೂ ಉಂಟು. ಆದರೂ ಈ ಗುಪ್ತ ಸಂಗ್ರಹಗಳಿಂದ ಮುಂದೆ ಆದ ಉಪಕಾರವು ಸಾಮಾನ್ಯವಾದುದಲ್ಲ. ಆ ಕಾಲದ ಮೂಲ ಫಿಲ್ಮು ನೈಟ್ರೇಟಿನದು. ಬೇಗನೆ ಕೊಳೆಯುವುದು, ಬೆಂಕಿಯನ್ನು ಹಿಡಿದರೆ ಆರದುದು. ರಾಚೆಸ್ಟರ್ ನಗರದ ಜಾರ್ಜ್ ಈಸ್ಟ್‌ಮನ್ ಭವನದಲ್ಲಿ ೧೯೭೮ರಲ್ಲಿ ಬಿದ್ದ ಬೆಂಕಿಯೊಂದರಲ್ಲಿಯೇ ೩೨೯ ಚಿತ್ರಗಳ ನೈಟ್ರೇಟ್ ನೆಗೆಟಿವುಗಳು ಸುಟ್ಟುಹೋದುವು. ಮೂಲವು ಅಳಿದಾಗ ನಕಲಿಗೇ ಮೂಲದ ಸ್ಥಾನವು ಬರುವುದು ಸಹಜ.

ಸೋನಿ ಸಂಸ್ಥೆಯ ಬೀಟಾಮ್ಯಾಕ್ಸ್ ಯಂತ್ರವು ೧೯೭೫ರಲ್ಲಿಯೂ ಅದರ ಪ್ರತಿಸ್ಪರ್ಧಿಯಾದ ವಿ.ಎಚ್.ಎಸ್. ೧೯೭೬ರಲ್ಲಿಯೂ ಹೊರಬಂದುವು. ಟೆಲಿವಿಷನ್ನಿನ ಕಾರ್ಯಕ್ರಮವನ್ನು ಮನೆಯಲ್ಲಿ ಮುದ್ರಿಸಿಕೊಳ್ಳುವುದು ಕೃತಿಸ್ವಾಮ್ಯದ ಭಂಗವೆಂದು ೧೯೭೬ರಲ್ಲಿ ವ್ಯಾಜ್ಯವನ್ನು ಹೂಡಿದವರು ಇಬ್ಬರು: ಯೂನಿವರ್ಸಲ್ ಸಂಸ್ಥೆ ಒಂದು, ವಾಲ್ಟ್ ಡಿಸ್ನಿ ಪ್ರೊಡಕ್ಷನ್ಸ್ ಇನ್ನೊಂದು. ೧೯೮೪ರ ಜನವರಿಯಲ್ಲಿ ಅಮೆರಿಕಾದ ಪರಮೋಚ್ಚ ನ್ಯಾಯಾಲಯವು ಐವರು ನ್ಯಾಯಾಧೀಶರ ಮತವು ಒಂದು ಕಡೆ, ನಾಲ್ವರದು ಇನ್ನೊಂದು ಕಡೆಯಾಗಿ, ಯಂತ್ರದ ಪರವಾಗಿ ತೀರ್ಪಿತ್ತಿತು. ಒಂದೇ ಮತದ ಅಂತರದಿಂದ ಗೃಹಮುದ್ರಣವು ಬದುಕಿತು. ಯಾವ ಸಂಸ್ಥೆಯು ಈ ಯಂತ್ರವನ್ನು ತಡೆಯಲು ಹೊರಟಿತ್ತೋ ಅದೇ ಸಂಸ್ಥೆಯು ಮುಂದಿನ ಹತ್ತು ವರ್ಷಗಳಲ್ಲಿ ಕ್ಯಾಸೆಟ್ಟಿನ ಮಾರಾಟದಿಂದ ಅಪಾರ ಲಾಭವನ್ನು ಪಡೆದುದು ಈ ಚರಿತ್ರೆಯ ವಿನೋದಗಳಲ್ಲೊಂದು.

೩. ಬಾಗಿಲು ಮುಚ್ಚುವ ಭಂಡಾರ

ಡಿಸ್ನಿ ಸಂಸ್ಥೆಯ ಹಿಂಜರಿಕೆಗೆ ಕಾರಣವಿದ್ದಿತು. ೧೯೩೭ರ ಡಿಸೆಂಬರಿನಲ್ಲಿ ಮೊದಲು ಪ್ರದರ್ಶಿತವಾದ ‘ಸ್ನೋ ವೈಟ್’ ಚಿತ್ರವನ್ನು ೧೯೪೪ರಲ್ಲಿ ಮರಳಿ ಚಿತ್ರಮಂದಿರಗಳಿಗೆ ತಂದಾಗ, ಏಳೆಂಟು ವರ್ಷಗಳಲ್ಲಿ ಹೊಸ ಮಕ್ಕಳ ತಲೆಮಾರೊಂದು ಬಂದಿರುವುದೆಂಬ ಸತ್ಯವು ಅದಕ್ಕೆ ತಿಳಿಯಿತು. ಅಂದಿನಿಂದ ಹಳೆಯ ಚಿತ್ರಗಳನ್ನು ಕೆಲವು ವರ್ಷ ಮುಚ್ಚಿಟ್ಟು, ಕೆಲವು ವಾರ ತೆರೆದು ತೋರಿಸುವುದು ಪದ್ಧತಿಯಾಯಿತು. ಚಿತ್ರವು ಮನೆಯಲ್ಲಿಯೇ ಇದ್ದರೆ ಮಂದಿರಕ್ಕೆ ಬರುವವರಾರು? ಆದುದರಿಂದ ‘ಡಂಬೋ’ ೧೯೮೧ರಲ್ಲಿ ಕ್ಯಾಸೆಟ್ಟಾಗಿ ಬಂದರೂ, ಅತ್ಯಂತ ಪ್ರಸಿದ್ಧವಾದ ಚಿತ್ರಗಳನ್ನು ಸಂಸ್ಥೆಯು ಕೈಬಿಡಲಿಲ್ಲ. ೧೯೮೪ರ ಡಿಸೆಂಬರಿನಲ್ಲಿ ‘ರಾಬಿನ್ ಹುಡ್’, ೧೯೮೫ರಲ್ಲಿ ‘ಪಿನೋಕಿಯೋ’, ೧೯೮೬ರಲ್ಲಿ ‘ಸ್ಲೀಪಿಂಗ್ ಬ್ಯೂಟಿ’, ೧೯೮೮ರಲ್ಲಿ ‘ಸಿಂಡರೆಲ್ಲಾ’, ೧೯೮೯ರಲ್ಲಿ ‘ಬ್ಯಾಂಬಿ’ ಹೀಗೆ ಒಂದೊಂದಾಗಿ ಹೊರಬಂದುವು. ‘ಸ್ನೋ ವೈಟ್’ ಬಂದುದು ೧೯೯೪ರಲ್ಲಿ. ‘ಪಿನೋಕಿಯೋ’ ಕ್ಯಾಸೆಟ್ಟಿನ ಮೊದಲ ಬೆಲೆ ೭೯ ಡಾಲರು ೯೫ ಸೆಂಟು. ಅದು ೨೯ ಡಾಲರು ೯೫ ಸೆಂಟಿಗೆ ಇಳಿದ ಮೇಲೆಯೇ ಸಾಮಾನ್ಯ ಗೃಹಸ್ಥನು ಚಿತ್ರವನ್ನು ಬಾಡಿಗೆಗೆ ತರುವ ಬದಲು ಕೊಳ್ಳಲು ಆರಂಭಿಸಿದನು.

ಮಂದಿರದ ಪದ್ಧತಿಯನ್ನು ಸಂಸ್ಥೆಯು ಕ್ಯಾಸೆಟ್ಟಿಗೂ ಅನ್ವಯಿಸಿತು. ‘ಫ್ಯಾಂಟೇಸಿಯಾ’ ಚಿತ್ರವನ್ನು ೧೯೯೧ರ ನವೆಂಬರು ೧ರಿಂದ ಐವತ್ತು ದಿನಗಳ ಮಟ್ಟಿಗೆ ಮಾತ್ರ ಮಾರಲಾಗುವುದೆಂದು ಸಾರಲಾಯಿತು. ಈ ಅಭಾವಭೀತಿಯೇ ಸಂಗ್ರಹದ ಚಪಲಕ್ಕೆ ಬೀಜವಾಯಿತು. ಕ್ಯಾಸೆಟ್ಟಿನ ಬೆನ್ನಿನ ಮೇಲೆ ಕಪ್ಪು ವಜ್ರದ ಗುರುತನ್ನು ಹೊತ್ತ ಆ ಕಾಲದ ಪ್ರತಿಗಳಿಗೆ ಇಂದು ಸಾವಿರಾರು ಡಾಲರುಗಳ ಬೆಲೆಯಿದೆಯೆಂಬ ವದಂತಿಯು ಮೇಲಿಂದ ಮೇಲೆ ಏಳುತ್ತದೆ. ವಸ್ತುತಃ ಇವು ಲಕ್ಷಲಕ್ಷ ಸಂಖ್ಯೆಯಲ್ಲಿ ಮುದ್ರಿತವಾಗಿ ಮಾರಾಟವಾದವು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅಲ್ಪ ಬೆಲೆಗೆ ದೊರೆಯತಕ್ಕವು. ಮಾರುವವನು ಕೇಳುವ ಬೆಲೆ ಬೇರೆ, ಕೊಳ್ಳುವವನು ಕೊಡುವ ಬೆಲೆ ಬೇರೆ. ಇವುಗಳ ನಿಜವಾದ ಬೆಲೆಯನ್ನು ವಿರಳತೆಯಲ್ಲಿ ಹುಡುಕಿದರೆ ಸಿಕ್ಕದು. ಅವುಗಳಲ್ಲಿ ಉಳಿದಿರುವ ಪಾಠದಲ್ಲಿ ಹುಡುಕಬೇಕು.

೪. ಒಂದೊಂದು ಚಿತ್ರವನ್ನೂ ಓದುವ ಬಗೆ

ಪಾಠವೆಂಬ ಮಾತಿಗೆ ಅರ್ಥವು ಬಂದುದು ಲೇಸರ್ ಡಿಸ್ಕಿನಿಂದ. ೧೯೭೮ರ ಡಿಸೆಂಬರಿನಲ್ಲಿ ಅಟ್ಲಾಂಟಾ ನಗರದಲ್ಲಿ ಮೊದಲು ಮಾರಾಟಕ್ಕೆ ಬಂದ ಈ ದೊಡ್ಡ ತಟ್ಟೆಯು ಜನಸಾಮಾನ್ಯರಲ್ಲಿ ಹರಡಲಿಲ್ಲ; ಆದರೆ ವಿದ್ವಾಂಸರಿಗೂ ಚಿತ್ರಕಾರರಿಗೂ ಅದು ವರವಾಯಿತು. ಅದರ ಎರಡು ಬಗೆಗಳಲ್ಲಿ ಒಂದರ ಪ್ರತಿ ಮಗ್ಗುಲಿನಲ್ಲಿ ಅರ್ಧ ಗಂಟೆಯ ಚಿತ್ರಕ್ಕೆ ಮಾತ್ರ ಅವಕಾಶವಿದ್ದರೂ, ಆ ೫೪,೦೦೦ ಚೌಕಟ್ಟುಗಳಲ್ಲಿ ಬೇಕಾದುದನ್ನು ಅಲುಗಾಡದಂತೆ ನಿಲ್ಲಿಸಿ ನೋಡಬಹುದಾಗಿತ್ತು. ಅನಿಮೇಷನ್ ಚಿತ್ರವು ಚೌಕಟ್ಟು ಚೌಕಟ್ಟಾಗಿ ಕೈಯಿಂದ ಬರೆದುದಾದ್ದರಿಂದ, ಅದನ್ನು ಹಾಗೆಯೇ ಓದಿದಲ್ಲದೆ ಕಲಾಕಾರನ ಕೈವಾಡವು ತಿಳಿಯದು. ಒಂದು ಪಾತ್ರವು ನೆಗೆಯುವ ಮುನ್ನ ಎಷ್ಟು ಚೌಕಟ್ಟು ಕುಗ್ಗಿ ನಿಂತಿತು, ಎಲ್ಲಿ ಒಂದೇ ಚಿತ್ರವನ್ನು ಎರಡು ಚೌಕಟ್ಟು ಹಿಡಿದರು ಎಂಬ ಲೆಕ್ಕಗಳು ಆಗ ಮನೆಯಲ್ಲಿಯೇ ದೊರೆಯತಕ್ಕವಾದುವು.

ಇಂತಹ ಓದಿನ ಬಲವನ್ನು ಹಕ್ಕುದಾರರೂ ಅರಿಯಬೇಕಾಗಿ ಬಂದಿತು. ೧೯೭೭ರ ‘ದಿ ರೆಸ್ಕ್ಯೂಯರ್ಸ್’ ಎಂಬ ಚಿತ್ರದ ಒಂದು ಲಕ್ಷಕ್ಕೂ ಮೀರಿದ ಚೌಕಟ್ಟುಗಳಲ್ಲಿ ಎರಡರ ಹಿನ್ನೆಲೆಯಲ್ಲಿ ನಗ್ನ ಸ್ತ್ರೀಯ ಛಾಯಾಚಿತ್ರವೊಂದು ಸೇರಿದ್ದಿತು. ಮಂದಿರದಲ್ಲಿ ಕಣ್ಣಿಗೆ ಬೀಳದ ಇದು ಗೃಹಪ್ರತಿಯಲ್ಲಿ ನಿಲ್ಲಿಸಿ ನೋಡಿದವರಿಗೆ ಕಾಣುವಂತಿದ್ದುದರಿಂದ, ೧೯೯೯ರ ಜನವರಿಯಲ್ಲಿ ಡಿಸ್ನಿ ಸಂಸ್ಥೆಯು ೩೪ ಲಕ್ಷ ಕ್ಯಾಸೆಟ್ಟುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ವಿಷಯವು ಕ್ಷುದ್ರವಾದರೂ ಅದರಿಂದ ತಿಳಿಯುವುದು ಕ್ಷುದ್ರವಲ್ಲ. ಚಿತ್ರವು ಈಗ ಅಕ್ಷರ ಅಕ್ಷರವಾಗಿ ಓದಲ್ಪಡುವ ಗ್ರಂಥವಾಯಿತೆಂಬುದೂ, ಪ್ರಕಟವಾದ ಪಾಠವನ್ನು ಹಿಂದಕ್ಕೆ ಪಡೆದು ತಿದ್ದುವ ಶಕ್ತಿಯು ಪ್ರಕಾಶಕನಲ್ಲಿ ಉಳಿದೇ ಇತ್ತೆಂಬುದೂ ಇದರಿಂದ ಸಿದ್ಧವಾಗುತ್ತದೆ.

ಚೌಕಟ್ಟಿನ ಆಕಾರವೂ ಪಾಠದ ಭಾಗವೇ. ೧೯೫೯ರ ‘ಸ್ಲೀಪಿಂಗ್ ಬ್ಯೂಟಿ’ ಅಗಲವಾದ ತೆರೆಗಾಗಿ ರಚಿತವಾದುದು. ೧೯೮೬ರ ಕ್ಯಾಸೆಟ್ಟಿನಲ್ಲಿ ಅದನ್ನು ಆಗಿನ ಟೆಲಿವಿಷನ್ನಿನ ಚೌಕಕ್ಕೆ ಹೊಂದಿಸುವುದಕ್ಕಾಗಿ ಎಡಬಲಗಳನ್ನು ಕತ್ತರಿಸಿದರು; ಹೆಚ್ಚುಕಡಮೆ ಅರ್ಧದಷ್ಟು ಚಿತ್ರವು ಹೊರಗುಳಿಯಿತು. ೨೦೦೮ರ ಬ್ಲೂ-ರೇ ಡಿಸ್ಕಿನಲ್ಲಿ ಎತ್ತರಕ್ಕೆ ಎರಡೂವರೆ ಪಟ್ಟಿಗೂ ಮಿಕ್ಕ ಅಗಲವು ದೊರೆತು ಹಿನ್ನೆಲೆಯ ಚಿತ್ರಕಾರನ ಶ್ರಮವು ಪೂರ್ತಿಯಾಗಿ ಕಾಣಿಸಿತು. ಇಲ್ಲಿ ಹೊಸ ಪ್ರತಿಯು ಹಳೆಯದಕ್ಕಿಂತ ಮೇಲೆಂಬುದರಲ್ಲಿ ಸಂದೇಹವಿಲ್ಲ. ಎಲ್ಲ ಕಡೆಯಲ್ಲಿಯೂ ಹೀಗೆಯೇ ಆಗಿದ್ದರೆ ಈ ಲೇಖನಕ್ಕೆ ಕಾರಣವಿರುತ್ತಿರಲಿಲ್ಲ.

೫. ‘ಫ್ಯಾಂಟೇಸಿಯಾ’ ಚಿತ್ರದ ಪಾಠಾಂತರಗಳು

ಪಾಠಾಂತರದ ವಿಷಯದಲ್ಲಿ ‘ಫ್ಯಾಂಟೇಸಿಯಾ’ದಷ್ಟು ಬೋಧಪ್ರದವಾದ ಉದಾಹರಣೆಯು ದುರ್ಲಭ. ೧೯೪೦ರ ನವೆಂಬರು ೧೩ರಂದು ನ್ಯೂಯಾರ್ಕಿನಲ್ಲಿ ಪ್ರದರ್ಶಿತವಾದಾಗ ಈ ಚಿತ್ರವು ಎರಡು ಗಂಟೆಗೂ ಮಿಕ್ಕು ನಡೆಯುವುದಾಗಿತ್ತು. ಲಿಯೊಪೋಲ್ಡ್ ಸ್ಟೊಕೋವ್‌ಸ್ಕಿಯ ವಾದ್ಯವೃಂದದ ಸಂಗೀತ, ಡೀಮ್ಸ್ ಟೇಲರನ ಪೀಠಿಕಾವಚನ, ಚಿತ್ರಕಾರರ ಕಲ್ಪನೆ ಇವು ಮೂರೂ ಕೂಡಿ ಅದು ಪೂರ್ಣವಾಗಿದ್ದಿತು. ಬಳಿಕ ಅದು ಅನುಭವಿಸಿದ ಅವಸ್ಥಾಂತರಗಳನ್ನು ಕ್ರಮವಾಗಿ ಹೇಳಬಹುದು.

೧೯೪೨ರಲ್ಲಿ ವಿತರಕರು ಅದನ್ನು ೮೧ ನಿಮಿಷಕ್ಕೆ ಇಳಿಸಿದರು. ೧೯೪೬ರಲ್ಲಿ ಬಹುಭಾಗವು ಮರಳಿ ಬಂದರೂ ಟೇಲರನ ಮಾತುಗಳು ಮೊಟಕಾಗಿಯೇ ಉಳಿದುವು. ೧೯೫೬ರಲ್ಲಿ ಚೌಕವಾದ ಚಿತ್ರವನ್ನು ಅಗಲವಾದ ತೆರೆಗೆ ಎಳೆದು ತೋರಿಸಿದರು. ೧೯೬೯ರಲ್ಲಿ, ಬೀಥೋವನ್ನನ ಸಂಗೀತಕ್ಕೆ ಹೊಂದಿಸಿದ ಭಾಗದಲ್ಲಿ ಬಿಳಿಯ ಸ್ತ್ರೀಯರ ಗೊರಸನ್ನು ತೊಳೆಯುವ ದಾಸಿಯಾಗಿ ಕರಿಯ ಬಾಲೆಯೊಬ್ಬಳನ್ನು ಹಾಸ್ಯಾಸ್ಪದವಾಗಿ ಚಿತ್ರಿಸಿದ್ದ ದೃಶ್ಯಗಳನ್ನು ತೆಗೆದುಹಾಕಿದರು. ೧೯೮೨ರಲ್ಲಿ ಸ್ಟೊಕೋವ್‌ಸ್ಕಿಯ ಸಂಗೀತವನ್ನೇ ಬಿಟ್ಟು, ಇರ್ವಿನ್ ಕೋಸ್ಟಲನು ಹೊಸದಾಗಿ ನುಡಿಸಿದ ಸಂಗೀತವನ್ನು ಜೋಡಿಸಿದರು. ೧೯೯೦ರಲ್ಲಿ ಚಿತ್ರಕ್ಕೆ ಐವತ್ತು ವರ್ಷ ತುಂಬಿದಾಗ ಸ್ಟೊಕೋವ್‌ಸ್ಕಿಯ ಸಂಗೀತವೂ ೧೯೪೬ರ ಪಾಠದಲ್ಲಿದ್ದ ಟೇಲರನ ಮಾತುಗಳೂ ಮರಳಿ ಬಂದುವು. ಆಕ್ಷೇಪಣೀಯವಾದ ಕಡೆಯಲ್ಲಿ ಚೌಕಟ್ಟನ್ನು ಹಿಗ್ಗಿಸಿ ಆ ಬಾಲೆಯು ಕಾಣದಂತೆ ಮಾಡಿದರು. ೧೯೯೧ರ ಕ್ಯಾಸೆಟ್ಟೂ ಲೇಸರ್ ಡಿಸ್ಕೂ ಈ ಪಾಠದವು.

೨೦೦೦ದ ಡಿ.ವಿ.ಡಿ.ಯಲ್ಲಿ ೧೯೪೦ರ ದೀರ್ಘವಾದ ಪೀಠಿಕೆಗಳನ್ನು ಮರಳಿ ಸೇರಿಸಿದರು. ಆದರೆ ಆ ಭಾಗಗಳ ಧ್ವನಿಯ ಮೂಲಫಿಲ್ಮು ಕೆಟ್ಟುಹೋಗಿದ್ದಿತು. ಹೊಸ ಭಾಗಗಳಲ್ಲೊಂದು ಕಂಠ, ಹಳೆಯ ಭಾಗಗಳಲ್ಲೊಂದು ಕಂಠವಾಗಬಾರದೆಂದು ಕೋರಿ ಬರ್ಟನ್ ಎಂಬ ನಟನಿಂದ ಟೇಲರನ ಮಾತುಗಳೆಲ್ಲವನ್ನೂ ಹೊಸದಾಗಿ ಹೇಳಿಸಿದರು. ಹೀಗೆ ಪೀಠಿಕೆಯು ಪೂರ್ಣವಾದಾಗ ಪೀಠಿಕಾಕಾರನ ದನಿಯು ಇಲ್ಲವಾಯಿತು. ೨೦೧೦ರ ಬ್ಲೂ-ರೇ ಪ್ರತಿಯೂ ಇದೇ ಹಾದಿಯದು.

ಇನ್ನು ಯಾವ ಪ್ರತಿಯು ಶ್ರೇಷ್ಠವೆಂದು ಕೇಳಿದರೆ ಏನು ಹೇಳಬೇಕು? ಟೇಲರನ ಸ್ವಂತ ಕಂಠವು ಬೇಕಾದವನು ೧೯೯೧ರ ಕ್ಯಾಸೆಟ್ಟನ್ನು ಇಟ್ಟುಕೊಳ್ಳಲೇಬೇಕು. ಆತನ ಮಾತಿನ ಪೂರ್ಣಪಾಠವು ಬೇಕಾದವನು ೨೦೦೦ದ ಡಿಸ್ಕನ್ನು ನೋಡಲೇಬೇಕು. ೧೯೬೯ಕ್ಕೆ ಹಿಂದಿನ ಪ್ರೇಕ್ಷಕರು ಕಂಡುದನ್ನು ಕಾಣಬೇಕಾದರೆ ಈ ಎರಡೂ ಸಾಲವು. ಹಳೆಯ ಫಿಲ್ಮಿನ ಪ್ರತಿಯೇ ಗತಿ. ಒಂದು ಇನ್ನೊಂದನ್ನು ಅನಾವಶ್ಯಕವಾಗಿ ಮಾಡಿಲ್ಲ. ಒಂದೇ ಕಾವ್ಯದ ಮೂರು ಓಲೆಪ್ರತಿಗಳಲ್ಲಿ ಒಂದರ ಆದಿಯೂ ಇನ್ನೊಂದರ ಅಂತ್ಯವೂ ಮತ್ತೊಂದರ ಮಧ್ಯವೂ ಉಳಿದಿರುವಾಗ ಸಂಪಾದಕನು ಯಾವುದನ್ನು ತಾನೆ ಸುಟ್ಟಾನು?

೬. ಕರ್ತೃವಿನ ಹೆಸರು ಕಳೆದ ಕೃತಿಗಳು

ವಾರ್ನರ್ ಸಹೋದರರ ಕಾರ್ಟೂನುಗಳಿಗೆ ಬೇರೊಂದು ಬಗೆಯ ಹಾನಿಯುಂಟಾಯಿತು. ೧೯೪೩ರಿಂದ ಆ ಸಂಸ್ಥೆಯು ತನ್ನ ಹಳೆಯ ಚಿಕ್ಕ ಚಿತ್ರಗಳಲ್ಲಿ ಕೆಲವನ್ನು ‘ಬ್ಲೂ ರಿಬ್ಬನ್’ ಎಂಬ ಮಾಲೆಯಲ್ಲಿ ಮತ್ತೆ ಹೊರಡಿಸತೊಡಗಿತು. ಆಗ ಮೂಲ ನೆಗೆಟಿವಿನಿಂದಲೇ ಮೊದಲಿನ ಶೀರ್ಷಿಕೆಯನ್ನೂ ಕಲಾವಿದರ ನಾಮಾವಳಿಯನ್ನೂ ಕತ್ತರಿಸಿ ತೆಗೆದು, ಹೊಸ ಶೀರ್ಷಿಕೆಯನ್ನು ಅಂಟಿಸಿದರು. ಬಗ್ಸ್ ಬನ್ನಿಯ ನಿಜವಾದ ಜನ್ಮವೆಂದು ಬಹುಮಂದಿ ಎಣಿಸುವ, ಟೆಕ್ಸ್ ಏವರಿಯು ನಿರ್ದೇಶಿಸಿದ ೧೯೪೦ರ ‘ಎ ವೈಲ್ಡ್ ಹೇರ್’ ಎಂಬ ಕೃತಿಯು ಈ ಮಾಲೆಯಲ್ಲಿ ‘ದಿ ವೈಲ್ಡ್ ಹೇರ್’ ಆಯಿತು. ಏವರಿಯ ಹೆಸರು ಅದರಿಂದ ಮಾಯವಾಯಿತು.

ಗ್ರಂಥದ ಕೊನೆಯ ಪುಷ್ಪಿಕೆಯು ಹರಿದುಹೋದರೆ ಕವಿಯ ಕಾಲದೇಶಗಳನ್ನು ನಿರ್ಣಯಿಸಲು ಎಷ್ಟು ತೊಡಕಾಗುವುದೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಇಲ್ಲಿಯೂ ಹಾಗೆಯೇ. ಯಾರ ತಂಡದ ಕೃತಿ, ಕಥೆಯು ಯಾರದು, ಮುಖ್ಯ ಚಿತ್ರಕಾರನಾರು ಎಂಬುದನ್ನು ಶೈಲಿಯಿಂದಲೂ ಹಳೆಯ ಕಾಗದಪತ್ರಗಳಿಂದಲೂ ಊಹಿಸಬೇಕಾಯಿತು. ಜೆರ್ರಿ ಬೆಕ್ ಮತ್ತು ವಿಲ್ ಫ್ರೀಡ್‌ವಾಲ್ಡ್ ಎಂಬುವರು ೧೯೮೦ರ ದಶಕದಲ್ಲಿ ವಾರ್ನರ್ ಕಾರ್ಟೂನುಗಳ ಸಮಗ್ರ ಸೂಚಿಯನ್ನು ಸಿದ್ಧಪಡಿಸಿದುದು ಈ ದಿಸೆಯಲ್ಲಿ ದೊಡ್ಡ ಕಾರ್ಯ. ಕೆಲವು ಕೃತಿಗಳ ಮೂಲ ಶೀರ್ಷಿಕೆಗಳು ಹೊರಗಿನ ಸಂಗ್ರಹಗಳಲ್ಲಿ ಉಳಿದಿದ್ದ ಹಳೆಯ ಪ್ರತಿಗಳಲ್ಲಿ ಮತ್ತೆ ಕಾಣಿಸಿಕೊಂಡುವು. ಒಂದು ಕಾಲದಲ್ಲಿ ಕಳ್ಳತನದ ಆರೋಪಕ್ಕೆ ಗುರಿಯಾಗಿದ್ದ ಸಂಗ್ರಹವು ಕರ್ತೃತ್ವನಿರ್ಣಯಕ್ಕೆ ಆಧಾರವಾದುದು ಹೀಗೆ.

ಲಿಪಿಕಾರನ ದೋಷಕ್ಕೆ ಸಮಾನವಾದ ದೋಷವೂ ಇಲ್ಲಿ ಉಂಟು. ಪೋರ್ಕಿ ಪಿಗ್ ಮೊದಲಾದ ಪಾತ್ರಗಳ ಕಪ್ಪುಬಿಳುಪಿನ ಕಾರ್ಟೂನುಗಳಲ್ಲಿ ಎಪ್ಪತ್ತಕ್ಕೂ ಹೆಚ್ಚನ್ನು ೧೯೬೦ರ ದಶಕದ ಕೊನೆಯಲ್ಲಿ ಕೊರಿಯಾ ದೇಶದ ಕೆಲಸಗಾರರಿಂದ ಚೌಕಟ್ಟು ಚೌಕಟ್ಟಾಗಿ ತಿದ್ದಿ ಬರೆಸಿ, ಬಣ್ಣ ತುಂಬಿಸಿ, ಟೆಲಿವಿಷನ್ನಿಗೆ ಕೊಟ್ಟರು. ಶ್ರಮವನ್ನು ಉಳಿಸುವುದಕ್ಕಾಗಿ ನಡುನಡುವಿನ ಚಿತ್ರಗಳು ಬಿಟ್ಟುಹೋದುವು, ರೇಖೆಯು ಒರಟಾಯಿತು. ಒಂದು ತಲೆಮಾರಿನ ಮಕ್ಕಳು ಮೂಲವೆಂದು ನಂಬಿ ನೋಡಿದುದು ಈ ನಕಲುಗಳನ್ನೇ. ಗೃಹಪ್ರತಿಗಳಲ್ಲಿ ಕಪ್ಪುಬಿಳುಪಿನ ಮೂಲಗಳು ಬಂದಾಗಲೇ ಎರಡರ ಅಂತರವೂ ಎಲ್ಲರಿಗೆ ಸ್ಪಷ್ಟವಾಯಿತು.

೭. ಜೀರ್ಣೋದ್ಧಾರದ ಗುಣವೂ ದೋಷವೂ

ಆ ಕಾಲದ ವರ್ಣದ ಕಾರ್ಟೂನುಗಳನ್ನು ಟೆಕ್ನಿಕಲರ್ ಪದ್ಧತಿಯಲ್ಲಿ ತೆಗೆಯುತ್ತಿದ್ದ ಕ್ರಮವು ವಿಶೇಷವಾದುದು. ಪ್ರತಿಯೊಂದು ಚಿತ್ರವನ್ನೂ ಕೆಂಪು, ಹಸಿರು, ನೀಲಿ ಗಾಜುಗಳ ಮೂಲಕ ಮೂರು ಸಲ ಕಪ್ಪುಬಿಳುಪಿನ ಒಂದೇ ಫಿಲ್ಮಿನ ಮೇಲೆ ಸಾಲಾಗಿ ಹಿಡಿಯುತ್ತಿದ್ದರು. ‘ಸ್ನೋ ವೈಟ್’ ೮೩ ನಿಮಿಷದ ಚಿತ್ರ. ಕ್ಷಣಕ್ಕೆ ೨೪ ಚೌಕಟ್ಟಿನಂತೆ ಲೆಕ್ಕ ಹಾಕಿದರೆ ಸುಮಾರು ೧,೧೯,೫೦೦ ಚೌಕಟ್ಟುಗಳಾಗುತ್ತವೆ. ನೆಗೆಟಿವಿನಲ್ಲಿ ಅದರ ಮೂರರಷ್ಟು. ಕಪ್ಪುಬಿಳುಪಾದುದರಿಂದ ಬಣ್ಣವು ಮಾಸುವ ಭಯವಿಲ್ಲ. ೧೯೯೩ರಲ್ಲಿ ಈ ಚಿತ್ರವನ್ನು ಆದ್ಯಂತವಾಗಿ ಕಂಪ್ಯೂಟರಿಗೆ ಇಳಿಸಿ, ಧೂಳನ್ನೂ ಗೀರುಗಳನ್ನೂ ತೆಗೆದು, ಮತ್ತೆ ಫಿಲ್ಮಿಗೆ ಏರಿಸಿದರು. ಪೂರ್ಣವಾದ ಚಿತ್ರವೊಂದಕ್ಕೆ ಇಂತಹ ಸಂಸ್ಕಾರವು ನಡೆದುದು ಅದೇ ಮೊದಲು.

ಆದರೆ ಸಂಸ್ಕಾರವು ಎಲ್ಲಿ ನಿಲ್ಲಬೇಕೆಂಬುದು ಸೂಕ್ಷ್ಮವಾದ ಪ್ರಶ್ನೆ. ಫಿಲ್ಮಿನ ಮೇಲಿನ ಸಣ್ಣ ಕಣಗಳನ್ನು ಅಳಿಸುವಂತೆ ಯಂತ್ರಕ್ಕೆ ಆಜ್ಞಾಪಿಸಿದರೆ, ಕಣ ಯಾವುದು, ಚಿತ್ರಕಾರ್ತಿಯು ಲೇಖನಿಯಿಂದ ಎಳೆದ ಎಳೆಯಂತಹ ರೇಖೆ ಯಾವುದು ಎಂಬ ವಿವೇಕವು ಅದಕ್ಕಿಲ್ಲ. ೧೯೫೦ರ ‘ಸಿಂಡರೆಲ್ಲಾ’ ಚಿತ್ರದ ೨೦೦೫ರ ಡಿ.ವಿ.ಡಿ.ಯೂ ೨೦೧೨ರ ಬ್ಲೂ-ರೇ ಡಿಸ್ಕೂ ಕನ್ನಡಿಯಂತೆ ಸ್ವಚ್ಛವಾಗಿದ್ದುವು. ಸಂಗ್ರಾಹಕರು ಅವುಗಳನ್ನು ತಮ್ಮಲ್ಲಿದ್ದ ಹಳೆಯ ಪ್ರತಿಗಳೊಡನೆ ಹೋಲಿಸಿ, ಬಟ್ಟೆಯ ಮಡಿಕೆಗಳ ರೇಖೆಗಳು ಅಲ್ಲಲ್ಲಿ ಅಳಿಸಿಹೋಗಿವೆಯೆಂದೂ ಬಣ್ಣಗಳು ಬೇರೆಯಾಗಿವೆಯೆಂದೂ ತೋರಿಸಿದರು. ೧೯೬೩ರ ‘ದಿ ಸ್ವೋರ್ಡ್ ಇನ್ ದಿ ಸ್ಟೋನ್’ ಚಿತ್ರದ ೨೦೧೩ರ ಪ್ರತಿಗೂ ಇದೇ ಆಕ್ಷೇಪವು ಬಂದಿತು. ಪೆನ್ಸಿಲ್ಲಿನ ಒರಟು ಗೆರೆಯೇ ಸೊಗಸಾದ ಆ ಚಿತ್ರದಲ್ಲಿ ಗೆರೆಯು ಮೇಣದಂತೆ ಕರಗಿದ್ದಿತು. ‘ಸಿಂಡರೆಲ್ಲಾ’ ಚಿತ್ರವನ್ನು ಮೂಲ ನೆಗೆಟಿವಿನಿಂದ ಮತ್ತೊಮ್ಮೆ ಸಂಸ್ಕರಿಸಿ ೨೦೨೩ರ ಫೆಬ್ರವರಿಯಲ್ಲಿ ಬರ್ಲಿನ್ ಚಲಚ್ಚಿತ್ರೋತ್ಸವದಲ್ಲಿ ತೋರಿಸಿದಾಗ, ಅಳಿದಿದ್ದ ರೇಖೆಗಳೂ ಫಿಲ್ಮಿನ ಕಣವೂ ಮರಳಿ ಬಂದಿದ್ದುವು. ಹಳೆಯ ಗೃಹಪ್ರತಿಗಳು ಉಳಿದಿರದಿದ್ದರೆ, ನಡುವಣ ಹದಿನೆಂಟು ವರ್ಷಗಳಲ್ಲಿ ಏನು ಕಳೆದುಹೋಗಿತ್ತೆಂಬುದನ್ನು ಸಾಮಾನ್ಯನು ಯಾವುದರಿಂದ ಅಳೆಯಬೇಕಾಗಿತ್ತು?

೮. ಲೋಪವೂ ಟಿಪ್ಪಣಿಯೂ

ಈ ಕೃತಿಗಳಲ್ಲಿ ಕರಿಯರನ್ನೂ ಪರದೇಶೀಯರನ್ನೂ ಅವಹೇಳನ ಮಾಡುವ ಚಿತ್ರಣಗಳು ಹೇರಳವಾಗಿವೆಯೆಂಬುದನ್ನು ಮರೆಮಾಚುವಂತಿಲ್ಲ. ವಾರ್ನರ್ ಸಂಸ್ಥೆಯ ಹನ್ನೊಂದು ಕಾರ್ಟೂನುಗಳು ೧೯೬೮ರಿಂದ ಟೆಲಿವಿಷನ್ನಿನಲ್ಲಿ ಬರಲಿಲ್ಲ. ಡಿಸ್ನಿಯ ‘ಸಾಂಗ್ ಆಫ್ ದಿ ಸೌತ್’ ಎಂಬ ೧೯೪೬ರ ಚಿತ್ರವು ಅಮೆರಿಕಾದಲ್ಲಿ ಪೂರ್ಣವಾಗಿ ಗೃಹಪ್ರತಿಯಾಗಿ ಪ್ರಕಟವಾದುದೇ ಇಲ್ಲ. ಅದನ್ನು ಅಭ್ಯಾಸ ಮಾಡುವವರು ಬ್ರಿಟನ್ನಿನ ಕ್ಯಾಸೆಟ್ಟನ್ನೋ ಜಪಾನಿನ ಲೇಸರ್ ಡಿಸ್ಕನ್ನೋ ಅರಸಬೇಕಾಯಿತು. ಮಕ್ಕಳ ಮುಂದೆ ಇಂತಹವನ್ನು ಇಡಬಾರದೆಂಬ ಮಾತು ಒಪ್ಪತಕ್ಕದ್ದೇ.

ಆದರೆ ಚರಿತ್ರೆಯ ದೃಷ್ಟಿಯಿಂದ ಸದ್ದಿಲ್ಲದೆ ಕತ್ತರಿಸುವುದಕ್ಕೂ ಪೂರ್ಣವಾಗಿ ಕೊಟ್ಟು ಎಚ್ಚರಿಸುವುದಕ್ಕೂ ಬಹಳ ಅಂತರವಿದೆ. ಕತ್ತರಿಸಿದವನು ತಪ್ಪನ್ನು ತೊಳೆಯುವುದಿಲ್ಲ; ತಪ್ಪಿನ ಸಾಕ್ಷಿಯನ್ನು ತೊಳೆಯುತ್ತಾನೆ. ಎರಡನೆಯ ಮಾರ್ಗಕ್ಕೆ ಒಳ್ಳೆಯ ಮಾದರಿಗಳು ದೊರೆಯುತ್ತವೆ. ೨೦೦೧ರಿಂದ ೨೦೦೯ರವರೆಗೆ ಕ್ರಮಾಂಕವನ್ನು ಹೊತ್ತ ತಗಡಿನ ಪೆಟ್ಟಿಗೆಗಳಲ್ಲಿ ಹೊರಬಂದ ‘ವಾಲ್ಟ್ ಡಿಸ್ನಿ ಟ್ರೆಷರ್ಸ್’ ಮಾಲೆಯಲ್ಲಿ ಚಲಚ್ಚಿತ್ರ ಚರಿತ್ರಕಾರನಾದ ಲಿಯೊನಾರ್ಡ್ ಮಾಲ್ಟಿನ್ನನು ಇಂತಹ ಕೃತಿಗಳ ಕಾಲವನ್ನೂ ದೋಷವನ್ನೂ ಮುನ್ನುಡಿಯಲ್ಲಿ ವಿವರಿಸಿದನು. ೨೦೦೩ರಿಂದ ೨೦೦೮ರವರೆಗೆ ಆರು ಸಂಪುಟಗಳಲ್ಲಿ ಬಂದ ‘ಲೂನಿ ಟ್ಯೂನ್ಸ್ ಗೋಲ್ಡನ್ ಕಲೆಕ್ಷನ್’ ಮಾಲೆಯ ಮೂರನೆಯದರಲ್ಲಿ ನಟಿಯಾದ ವೂಪಿ ಗೋಲ್ಡ್‌ಬರ್ಗಳು ಇದೇ ಕಾರ್ಯವನ್ನು ಮಾಡಿದಳು. ೨೦೧೩ರಲ್ಲಿ ‘ಟಾಮ್ ಮತ್ತು ಜೆರ್ರಿ’ಯ ಸಮಗ್ರ ಮಾಲೆಯೆಂದು ಸಾರಿದುದರ ಎರಡನೆಯ ಸಂಪುಟದಿಂದ ೧೯೪೮ರ ‘ಮೌಸ್ ಕ್ಲೀನಿಂಗ್’, ೧೯೫೧ರ ‘ಕ್ಯಾಸನೋವಾ ಕ್ಯಾಟ್’ ಎಂಬೆರಡನ್ನು ಬಿಡಲಾಗುವುದೆಂದು ತಿಳಿದಾಗ ಕೊಳ್ಳುವವರು ಪ್ರತಿಭಟಿಸಿದರು. ಆ ಸಂಪುಟದ ಪ್ರಕಟನೆಯೇ ನಿಂತುಹೋಯಿತು. ಸಮಗ್ರವೆಂಬ ಮಾತಿನ ಬೆಲೆಯನ್ನು ಸಂಗ್ರಾಹಕನು ಎಷ್ಟು ಗಂಭೀರವಾಗಿ ಎಣಿಸುವನೆಂಬುದಕ್ಕೆ ಇದೊಂದು ನಿದರ್ಶನ.

೯. ಪ್ರತಿಯ ಆಯುಸ್ಸು

ಇಷ್ಟೆಲ್ಲ ಹೇಳಿದ ಮೇಲೆ ಈ ಪ್ರತಿಗಳು ಶಾಶ್ವತವೆಂದು ಭ್ರಮಿಸಬಾರದು. ಕ್ಯಾಸೆಟ್ಟಿನ ಕಾಂತಲೇಪವು ಉದುರುತ್ತದೆ. ಲೇಸರ್ ಡಿಸ್ಕಿನ ಒಳಗಿನ ಅಲ್ಯೂಮಿನಿಯಂ ಪದರಕ್ಕೆ ಗಾಳಿ ಸೋಕಿ ಕಲೆಗಳೇಳುತ್ತವೆ. ೨೦೦೬ರಿಂದ ೨೦೦೮ರವರೆಗೆ ತಯಾರಾದ ವಾರ್ನರ್ ಸಂಸ್ಥೆಯ ಡಿ.ವಿ.ಡಿ.ಗಳಲ್ಲಿ ಹಲವು ಕೆಟ್ಟಿರುವುದನ್ನು ೨೦೨೫ರಲ್ಲಿ ಆ ಸಂಸ್ಥೆಯೇ ಒಪ್ಪಿಕೊಂಡಿತು. ಗೆದ್ದಲಿಗೆ ಬದಲಾಗಿ ಗಾಳಿ, ಅಷ್ಟೇ ವ್ಯತ್ಯಾಸ.

ಆದರೂ ಜಾಲದ ಮೂಲಕ ಬರುವ ಚಿತ್ರಕ್ಕಿಂತ ಕೈಯಲ್ಲಿರುವ ಪ್ರತಿಯು ಒಂದು ವಿಷಯದಲ್ಲಿ ಮೇಲು. ಡಿಸ್ನಿ ಸಂಸ್ಥೆಯ ಸ್ವಂತ ಜಾಲಸೇವೆಯು ೨೦೧೯ರ ನವೆಂಬರಿನಲ್ಲಿ ಆರಂಭವಾಯಿತು. ೨೦೨೪ರಲ್ಲಿ ಅದು ಡಿಸ್ಕುಗಳ ಮಾರಾಟದ ಹೊಣೆಯನ್ನು ಸೋನಿ ಸಂಸ್ಥೆಗೆ ಒಪ್ಪಿಸಿತು. ಒಂದು ಕಾಲದಲ್ಲಿ ಮೊಕದ್ದಮೆಯಲ್ಲಿ ಎದುರುಬದುರಾಗಿದ್ದವರು ಹೀಗೆ ಕೂಡಿದರು. ವಾರ್ನರ್ ಸಂಸ್ಥೆಯ ಜಾಲಸೇವೆಯಿಂದ ೨೦೨೨ರ ಕೊನೆಗೆ ೨೫೬ ಹಳೆಯ ಕಾರ್ಟೂನುಗಳೂ, ೨೦೨೫ರ ಮಾರ್ಚಿಯಲ್ಲಿ ಉಳಿದ ಮೂಲ ಕಾರ್ಟೂನುಗಳೂ ತೆಗೆಯಲ್ಪಟ್ಟುವು. ಚಿತ್ರಗಳು ನಾಶವಾಗಲಿಲ್ಲ, ಚಂದಾದಾರನು ಅವುಗಳನ್ನು ಅಲ್ಲಿ ನೋಡುವ ಅವಕಾಶವು ಮಾತ್ರ ಹೋಯಿತು. ಕೊಂಡ ಡಿಸ್ಕನ್ನು ಎರವಲು ಕೊಡಬಹುದು, ಮಾರಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಜಾಲದ ಪ್ರತಿಯಲ್ಲಿ ಇದಾವುದೂ ಸಲ್ಲದು. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಪಾಠವನ್ನು ತಿದ್ದಿದರೆ ಹಿಂದಿನ ಪಾಠವು ಉಳಿಯುವುದಿಲ್ಲ. ೧೯೯೯ರಲ್ಲಿ ೩೪ ಲಕ್ಷ ಕ್ಯಾಸೆಟ್ಟುಗಳನ್ನು ಕರೆಸಿಕೊಂಡಾಗ ಕೆಲವಾದರೂ ಮನೆಗಳಲ್ಲಿ ಉಳಿದುವು. ಇಂದು ಅದೇ ಕಾರ್ಯವನ್ನು ಯಾರಿಗೂ ತಿಳಿಯದಂತೆ ಒಂದು ಕ್ಷಣದಲ್ಲಿ ಮಾಡಬಹುದು.

೧೦. ಉಪಸಂಹಾರ

ಮೇಲಿನ ವಿಚಾರಗಳಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ಹಳೆಯ ಅನಿಮೇಷನ್ ಚಿತ್ರವೆಂಬುದು ಸ್ಥಿರವಾದ ಒಂದೇ ಪಾಠವಲ್ಲ. ಕಾಲಕಾಲಕ್ಕೆ ಕತ್ತರಿಸಲ್ಪಟ್ಟು, ಸೇರಿಸಲ್ಪಟ್ಟು, ತೊಳೆಯಲ್ಪಟ್ಟು ಬಂದಿರುವ ಪಾಠಗಳ ಪರಂಪರೆ. ಎರಡನೆಯದಾಗಿ, ಹೊಸದೆಂಬ ಕಾರಣದಿಂದಲೇ ಯಾವ ಪ್ರತಿಯೂ ಪ್ರಮಾಣವಾಗಲಾರದು. ಹಳೆಯದೆಂಬ ಕಾರಣದಿಂದಲೂ ಆಗಲಾರದು. ಪ್ರತಿಯೊಂದನ್ನೂ ಅದರ ಆಕರ, ಅವಧಿ, ಚೌಕಟ್ಟು, ಧ್ವನಿ, ನಾಮಾವಳಿ ಇವುಗಳಿಂದ ಪರೀಕ್ಷಿಸಬೇಕು. ಮೂರನೆಯದಾಗಿ, ಈ ಪರೀಕ್ಷೆಗೆ ಬೇಕಾದ ಸಾಮಗ್ರಿಯು ಬಹುಮಟ್ಟಿಗೆ ಖಾಸಗಿ ಸಂಗ್ರಾಹಕರ ಕಪಾಟುಗಳಲ್ಲಿ ಉಳಿದಿದೆ. ಅಮೆರಿಕಾದ ಕಾಂಗ್ರೆಸ್ ಗ್ರಂಥಭಂಡಾರದ ರಾಷ್ಟ್ರೀಯ ಚಲಚ್ಚಿತ್ರ ಪಟ್ಟಿಗೆ ‘ಸ್ನೋ ವೈಟ್’ ೧೯೮೯ರಲ್ಲಿಯೂ ‘ಫ್ಯಾಂಟೇಸಿಯಾ’ ೧೯೯೦ರಲ್ಲಿಯೂ ಸೇರಿದುವು. ಮೂಲಗಳ ರಕ್ಷಣೆಯು ಇಂತಹ ಸಂಸ್ಥೆಗಳ ಕರ್ತವ್ಯವಾದರೂ, ಜನರು ಮನೆಗಳಲ್ಲಿ ಯಾವ ಯಾವ ಪಾಠವನ್ನು ನೋಡಿ ಬೆಳೆದರೆಂಬುದರ ಸಾಕ್ಷ್ಯವನ್ನು ಮೂಲಗಳು ಕೊಡಲಾರವು. ಅದನ್ನು ಕೊಡತಕ್ಕವು ಗೃಹಪ್ರತಿಗಳೇ.

ಆದುದರಿಂದ ಸಂಗ್ರಾಹಕರು ತಮ್ಮ ಪ್ರತಿಗಳ ಸಂಖ್ಯೆಯನ್ನು ಹೆಚ್ಚಿಸುವುದರ ಜೊತೆಗೆ, ಪ್ರತಿಯೊಂದರ ವರ್ಷ, ದೇಶ, ಅವಧಿ, ವ್ಯತ್ಯಾಸಗಳನ್ನು ಬರೆದಿಡುವುದು ಅವಶ್ಯಕ. ವಿವರಣೆಯ ಪುಸ್ತಿಕೆಯನ್ನೂ ಹೊರಕವಚವನ್ನೂ ಕಳೆಯದೆ ಪ್ರತಿಯೊಡನೆ ಇಡಬೇಕು. ಕೆಲವು ವರ್ಷಗಳಿಗೊಮ್ಮೆ ಓಡಿಸಿ ನೋಡಬೇಕು. ಹಾಗೆ ಬರೆದಿಟ್ಟ ಸೂಚಿಗಳು ಒಂದೆಡೆ ಕೂಡಿದರೆ, ಇನ್ನೂ ಬರೆಯಬೇಕಾಗಿರುವ ಅನಿಮೇಷನ್ ಚಿತ್ರಗಳ ಪಾಠಚರಿತ್ರೆಗೆ ಭದ್ರವಾದ ತಳಹದಿಯು ದೊರೆಯುವುದು.